ಅಪ್ಪ ತಂದ ಚಿಪ್ಪಿನ ಕಲ್ಲು

ನಾನು ಭೂವಿಜ್ಞಾನದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ಅಪ್ಪ ವಡಾಲದ ಒಂದು ಬಿಲ್ಡಿಂಗಿನ ಪಾಯದಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದ. ನನ್ನದು ಕಲ್ಲಿನ ಓದು ಎಂಬುದಷ್ಟೇ ಅವನಿಗೆ ಗೊತ್ತು. ಕಲ್ಲೆಂದರೆ ತನ್ನ ಮನೆತನದ್ದೇ ಎಂಬ ಹೆಮ್ಮೆ ಬೇರೆ. ನನ್ನ ಪ್ರಾಜೆಕ್ಟು ಕಲ್ಲಲ್ಲಿ ಹುದುಗಿದ ಹಳೇ ಚಿಪ್ಪುಗಳ ಮೇಲೆ ಎಂದು ಒಮ್ಮೆ ಬಾಯಿಬಿಟ್ಟಿದ್ದೆ.

ಒಂದು ಸಂಜೆ ಗೋಣಿಚೀಲ ಹೊತ್ತು, ಕುರ್ಲಾದಲ್ಲಿ ಲೋಕಲ್ ರೈಲು ಬದಲಿಸಿ, ಮುಲುಂಡಿನ ನಮ್ಮ ಚಾಳಿಗೆ ಬಂದ.

"ಪಾಯದಾಗ ಸಿಕ್ತು. ಎಷ್ಟ್ ಶಂಖ ಅದಾವ ನೋಡವಾ. ನಿನ್ನ ಪುಸ್ತಕಕ್ಕ ಆಗತೈತಿ."

ಚೀಲದಲ್ಲಿದ್ದುದು ಮೈತುಂಬ ಶಂಖ, ಚಿಪ್ಪು ಹುದುಗಿದ್ದ ಒಂದು ಕಲ್ಲು; ತೊಳೆದು ಉಜ್ಜಿ ಫಳಫಳ ಮಾಡಿದ್ದ. ಅಲುಗಾಡದೆ ಕೂರಲೆಂದು ಒಂದು ಬದಿಯನ್ನು ಉಳಿಯಿಂದ ಮಟ್ಟ ಮಾಡಿ, ಅಂಚು ಕೆತ್ತಿ ಚೌಕ ತೆಗೆದಿದ್ದ. ಒರಟು ಕಲ್ಲನ್ನು ಹಾಗೇ ಮನೆಯೊಳಗೆ ತರಲು ಗೌಂಡಿಗೆ ಮನಸ್ಸಾಗುವುದಿಲ್ಲ.

ನನಗೆ ಅಳುವೇ ಬಂತು. ಉದ್ದನೆಯ ಶಂಖಗಳು ನೀರಿನ ಹರಿವಿಗೆ ತಿರುಗಿ ಸಾಲಾಗಿ ಮಲಗುತ್ತವೆ. ಬಟ್ಟಲಿನಂಥ ಚಿಪ್ಪು ಹರಿವಿನಲ್ಲಿ ಬೋರಲಾಗುತ್ತದೆ. ಕಡಲತಳದಲ್ಲಿ ಕೆಸರು ಒಮ್ಮೆಲೇ ನುಗ್ಗಿ ಬಂದು ನಿಂತರೆ ಅಂಗಾತವೂ ಉಳಿಯಬಹುದು. ಸಾವಿರಾರು ವರ್ಷಗಳ ಹಿಂದೆ ಆ ಕೆಸರು ಯಾವ ಕಡೆಯಿಂದ ಹೇಗೆ ಬಂತೆಂದು ಅದರಿಂದಲೇ ತಿಳಿಯುವುದು. ಅದಕ್ಕೇ ಕಲ್ಲು ಎತ್ತುವ ಮೊದಲು ಉತ್ತರ ದಿಕ್ಕಿಗೊಂದು ಬಾಣ, ಮೇಲ್ಮೈಗೊಂದು ಗುರುತು ಹಾಕಬೇಕು.

"ಯಾವ ಬಾಜು ಮ್ಯಾಲಿತ್ತಪ್ಪಾ?"

"ಚಂದ ಇದ್ದ ಬಾಜು ಮ್ಯಾಲ ಮಾಡೀನಲ್ಲ."

"ಶಂಖದ ಚೂಪು ಯಾವ ಕಡೆ ಇದ್ವು?"

ಅಪ್ಪ ಕಲ್ಲನ್ನು ನೆಲದ ಮೇಲೆ ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿದ. ಅವನಿಗೆ ನೆನಪಿರಲಿಲ್ಲ.

"ಹಾಳ್ ಮಾಡಿದಿ. ಕಲ್ಲ್ ಒಡಿಯೋರಿಗೆ ಇದೆಲ್ಲಿ ತಿಳೀಬೇಕು?" ಅಂದುಬಿಟ್ಟೆ. ಅವನ ದುಡಿಮೆಯಲ್ಲೇ ಓದುತ್ತಿದ್ದವಳು ನಾನು.

ಮರುದಿನ ಅವನು ಕಲ್ಲು ಸಿಕ್ಕ ಜಾಗ ಹುಡುಕಿದನಂತೆ. ಅಲ್ಲಿ ಆಗಲೇ ಕಾಂಕ್ರೀಟು ಬಿದ್ದಿತ್ತು. ಜೊತೆಗಾರರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ದಿಕ್ಕು ಹೇಳಿದರಂತೆ. ಬಂದು ಇಷ್ಟನ್ನೂ ತಪ್ಪೊಪ್ಪಿಕೊಳ್ಳುವವನ ದನಿಯಲ್ಲಿ ಹೇಳಿದ. ಇರಲಿ ಬಿಡಪ್ಪಾ ಎನ್ನುವಷ್ಟು ದೊಡ್ಡತನವೂ ನನಗಿರಲಿಲ್ಲ.

ಆ ಕಲ್ಲನ್ನು ಬಿಟ್ಟೇ ಪ್ರಾಜೆಕ್ಟು ಬರೆದೆ. ಬೈಂಡಾಗಿ ಬಂದ ದಿನ ಅಪ್ಪ ಕೈ ತೊಳೆದು, ಲುಂಗಿಗೆ ಒರೆಸಿಕೊಂಡು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡ.

"ನನ್ನ ಕಲ್ಲು ಇದರಾಗ ಐತೇನವಾ?"

"ಐತಿ," ಅಂದೆ. ಇಂಗ್ಲಿಷ್ ಬಾರದವನಿಗೆ ಏನು ಗೊತ್ತಾದೀತು ಎಂಬ ಧೈರ್ಯ. ಬೇರೊಂದು ಕಲ್ಲಿನ ಫೋಟೋ ಇದ್ದ ಪುಟ ತೆಗೆದು ಬೆರಳಿಟ್ಟು ತೋರಿಸಿದೆ.

ಬಹಳ ಹೊತ್ತು ನೋಡಿದ. ಮೂವತ್ತು ವರ್ಷ ಕಲ್ಲು ಮುಟ್ಟಿದವನು.

"ಹೌದವಾ, ಇದ ನೋಡು ನನ್ನ ಕಲ್ಲು," ಅಂದ. ನನ್ನ ಮುಖ ಮಾತ್ರ ನೋಡಲಿಲ್ಲ.