ಸಲ್ಫೇಟ್ ಆಗಬೇಕಿದ್ದ ಬಿಳಿ ಪುಡಿ

ಅಂಕೋಲೆಯ ಕಾಲೇಜಿನಲ್ಲಿ ನಮಗೆ ಕೆಮಿಸ್ಟ್ರಿ ಕಲಿಸುತ್ತಿದ್ದ ಸರ್ ಮೊದಲ ದಿನವೇ ಒಂದು ಭಾಷಣ ಬಿಗಿದಿದ್ದರು. ಲ್ಯಾಬಿನ ವರದಿಯಲ್ಲಿ ‘ನಾನು’ ಇರಬಾರದು, ‘ನನಗನ್ನಿಸಿತು’ ಇರಬಾರದು. ಏನು ಹಾಕಿದಿರಿ, ಏನು ಕಂಡಿತು, ಅದರಿಂದ ಏನು ಗೊತ್ತಾಯಿತು, ಅಷ್ಟೇ ಬರೆಯಬೇಕು. ನಾನು ಆ ಮಾತನ್ನು ನಂಬಿಬಿಟ್ಟೆ. ನನ್ನಂಥ ಪೆದ್ದಿ ಆ ಕ್ಲಾಸಿನಲ್ಲಿ ಇನ್ನೊಬ್ಬಳಿರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚಿನ ಮಾತು, ಪಿಯುಸಿ ಎರಡನೇ ವರ್ಷ. ಶಿವರಾತ್ರಿ ಹತ್ತಿರ ಬಂದಿತ್ತು, ಪ್ರಾಕ್ಟಿಕಲ್ ಪರೀಕ್ಷೆಯೂ ಬಂದಿತ್ತು. ರೆಕಾರ್ಡಿಗೆ ಸರ್ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಕೊನೆಯ ಪ್ರಯೋಗದಲ್ಲಿ ಕೊಟ್ಟ ಬಿಳಿ ಪುಡಿ ಯಾವುದೆಂದು ಹುಡುಕಬೇಕಿತ್ತು. ಅದನ್ನು ಡಿಸ್ಟಿಲ್ಡ್ ವಾಟರ್ ಎಂದು ಬರೆದಿದ್ದ ಕ್ಯಾನಿನ ನೀರಿನಲ್ಲಿ ಕರಗಿಸಿ ಸಿಲ್ವರ್ ನೈಟ್ರೇಟ್ ಬಿಟ್ಟೆ. ಹಾಲು ಒಡೆದ ಹಾಗೆ ಬಿಳಿ ಬಂತು. ಹಾಗೆ ಬಂದರೆ ಕ್ಲೋರೈಡ್ ಎಂದು ಅರ್ಥ. ಅಕ್ಕಪಕ್ಕದವರ ಟ್ಯೂಬಿನಲ್ಲೂ ಅದೇ ಬಿಳಿ. ಆದರೆ ಅವರೆಲ್ಲ ಹಿಂದಿನ ವರ್ಷದವರ ರೆಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ‘ಏನೂ ಕಾಣಲಿಲ್ಲ’ ಎಂದು ಬರೆದು, ಸಲ್ಫೇಟ್ ಎಂದು ಮುಗಿಸಿದರು. ನಾನು ಕ್ಲೋರೈಡ್ ಎಂದು ಬರೆದೆ.

ಸರ್ ಪುಟದ ಕೊನೆಯ ಸಾಲಿನ ಮೇಲೆ ಕೆಂಪು ಗೀಟು ಎಳೆದರು.

“ಎಲ್ಲರಿಗೂ ಸಲ್ಫೇಟ್ ಬಂದದೆ, ನಿಂಗೊಬ್ಳಿಗೆ ಎಂತಾ ಕ್ಲೋರೈಡು? ತಿದ್ಕಂಡು ಬಾ. ಇಲ್ದಿದ್ರೆ ಸಹಿ ಇಲ್ಲ.”

“ಸರ್, ನಂಗೆ ಕಂಡಿದ್ದೇ ಬರ್ದಿದ್ದೆ.”

“ನಿಂಗೆ ಕಂಡಿದ್ದು ಯಾರಿಗೆ ಬೇಕಾಗಿದೆ?”

ಹೊರಗೆ ಬಂದಾಗ ಗೆಳತಿಯೂ ನನ್ನನ್ನೇ ಬೈದಳು. “ಊರಿಗೊಂದು ದಾರಿ, ಪೋರನಿಗೊಂದು ದಾರಿ ಅಂದಂಗಾಯ್ತು ನಿಂದು! ಬರ್ದು ಹಾಕೆ ಮಾರಾಯ್ತಿ.”

ನಮ್ಮೂರು ಅವರ್ಸಾದ ಬಸ್ಸು ಹತ್ತಿ ಮನೆಗೆ ಬಂದರೂ ಸಿಟ್ಟು ಇಳಿದಿರಲಿಲ್ಲ. ಗಂಜಿ ಬಡಿಸುತ್ತಾ ಆಯಿ ಗೊಣಗಿದಳು. “ಬಾವಿ ನೀರು ಉಪ್ಪಾಗೂಕೆ ಸುರುವಾಯ್ತು. ಇನ್ನು ಗಂಜಿಗೆ ಬ್ಯಾರೆ ಉಪ್ಪು ಬ್ಯಾಡ.” ನನ್ನ ಕೈ ನಿಂತಿತು. ಕಡಲ ಬದಿಯ ನಮ್ಮೂರುಗಳ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಏರುವುದು ಯಾರಿಗೆ ಗೊತ್ತಿಲ್ಲ? ಆ ಕ್ಯಾನನ್ನು ಕಾಲೇಜಿನ ಬಾವಿಯಿಂದ ತುಂಬಿ ತರುವುದನ್ನೂ ನಾವೆಲ್ಲ ಕಂಡವರೇ. ಉಪ್ಪು ಎಂದರೆ ಕ್ಲೋರೈಡ್ ಎಂದು ಬಾಯಿಪಾಠ ಹೇಳುವ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಮರುದಿನ ಸರ್ ಎದುರಿಗೇ ಕ್ಯಾನಿನ ನೀರನ್ನಷ್ಟೇ ಟ್ಯೂಬಿಗೆ ಹಾಕಿ, ಸಿಲ್ವರ್ ನೈಟ್ರೇಟ್ ಬಿಟ್ಟೆ. ಬಿಳಿ ಬಂತು.

“ಸರ್, ಪುಡಿ ಹಾಕ್ಲೇ ಇಲ್ಲ, ಬರೀ ನೀರು. ಉಪ್ಪಿರೂದು ನೀರಲ್ಲಿ.”

ಅವರು ಟ್ಯೂಬನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಸಿಂಕಿಗೆ ಸುರಿದು, ತೊಳೆದು, ಬೆಳಕಿಗೆ ಹಿಡಿದರು.

“ಈಗೆಂತಾ ಕಾಣ್ತದೆ? ಎಂತದೂ ಇಲ್ಲ ಅಲ್ಲ? ಹಂಗೇ ಬರಿ.”

ಕ್ಲಾಸು ಗೊಳ್ಳೆಂದು ನಕ್ಕಿತು. ನನ್ನ ಮೈಯೆಲ್ಲ ಉರಿದುಹೋಯಿತು. ಥೂ, ಇವರ ಭಾಷಣಕ್ಕಷ್ಟು ಬೆಂಕಿ ಹಾಕ ಎಂದು ಮನಸ್ಸಿನಲ್ಲೇ ಬೈದು ಬೆಂಚಿಗೆ ಮರಳಿದೆ. ಪುಡಿಗೆ ಸಲ್ಫೇಟಿನ ಪರೀಕ್ಷೆ ಮಾಡಿದೆ. ಅದರಲ್ಲೂ ಬಿಳಿ ಬಂತು, ಪುಡಿ ಸಲ್ಫೇಟೇ. ಬರೆಯಲು ಕೂತೆ. ‘ನಾನು’ ಒಂದು ಕಡೆಯೂ ಇರಲಿಲ್ಲ. ಕ್ಯಾನಿನ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಲಾಯಿತು, ಬಿಳಿ ಕಂಡಿತು. ಉಪನ್ಯಾಸಕರಿಂದ ಟ್ಯೂಬ್ ಸಿಂಕಿಗೆ ಸುರಿಯಲ್ಪಟ್ಟಿತು. ತರುವಾಯ ಏನೂ ಕಾಣಲಿಲ್ಲ. ತೀರ್ಮಾನ: ಕ್ಲೋರೈಡ್ ಬಾವಿ ನೀರಿನದು. ಫಲಿತಾಂಶ: ಸಲ್ಫೇಟ್.

ಹರಿದು ಮುಖಕ್ಕೆ ಎಸೆಯಲಿ, ಪರೀಕ್ಷೆ ಹೋದರೂ ಹೋಗಲಿ, ಪ್ರಿನ್ಸಿಪಾಲರ ತನಕ ಜಗಳ ಒಯ್ಯುತ್ತೇನೆ ಎಂದು ಹಲ್ಲು ಕಚ್ಚಿಕೊಂಡೇ ಅವರ ಮೇಜಿನ ಮುಂದೆ ನಿಂತೆ. ಹೇಳಬೇಕಾದ ಮಾತನ್ನೆಲ್ಲ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ. ಸರ್ ಪುಟ ತೆರೆದರು. ಕಣ್ಣು ನೇರ ಕೆಳಗಿನ ‘ಸಲ್ಫೇಟ್’ ಮೇಲೆ ಹೋಯಿತು. ಮೇಲಿನ ಒಂದಕ್ಷರವನ್ನೂ ಓದದೆ ಸಹಿ ಹಾಕಿದರು.

“ಹಾಂ, ಈಗ ನೋಡು,” ಎಂದು ನಗುತ್ತಾ ಪುಸ್ತಕ ಕೊಟ್ಟರು. “ಸರಿಯಾಗಿ ಬರಿಯೂಕೆ ಬರ್ತದೆ ಅಲ್ಲ ನಿಂಗೆ!”