ದಾಟುವವರ ಕಡೆಯವರು

ಅವರ ಕಾಲ್ಬೆರಳುಗಳು ನೆಲವನ್ನು ಕಚ್ಚಿ ಹಿಡಿಯುತ್ತಿದ್ದವು. ಲಿಂಗಸುಗೂರಿನ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ, ಅಲುಗಾಡುವ ಸಾಧ್ಯತೆಯೇ ಇಲ್ಲದ ಕಲ್ಲುಹಾಸಿನ ಮೇಲೆ ನಿಂತರೂ ಹತ್ತೂ ಬೆರಳು ಅಗಲಿಸಿ, ದೋಣಿಯಲ್ಲಿ ನಿಂತವರ ಹಾಗೆ. ನಮ್ಮ ಡ್ರಿಲ್ ಮಾಸ್ತರರು ಹುಟ್ಟಿದ್ದು ಸಿಂಧನೂರಿನ ಹತ್ತಿರ, ಬಂಗಾಳದಿಂದ ಬಂದ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಲ್ಲಿ. ಮನೆಮಾತು ಬಂಗಾಳಿ, ಬೈಗುಳ ಮಾತ್ರ ಅಪ್ಪಟ ನಮ್ಮ ಕಡೆಯವು.

ಕೃಷ್ಣೆಯಲ್ಲಿ ದೋಣಿ ಪಂದ್ಯ ನಡೆಸಬೇಕೆಂಬ ಹುಚ್ಚು ಅವರದು. ಕ್ಯಾಂಪಿನಲ್ಲಿ ಮಾಡಿಸಿದ ಎರಡು ಉದ್ದ ದೋಣಿಗಳನ್ನು ಟ್ರ್ಯಾಕ್ಟರಿನಲ್ಲಿ ಹೊಳೆಗೆ ತಂದರು. ಒಂದಕ್ಕೆ ಕ್ಯಾಂಪಿನ ಹುಡುಗರು, ಇನ್ನೊಂದಕ್ಕೆ ನಡುಗಡ್ಡೆಯ ಊರಿನವರು. ಕಾರ್ಯದರ್ಶಿ ನಾನು: ಈಜು ಬಾರದ, ಬಕೆಟ್ಟಿನ ನೀರನ್ನೂ ಅನುಮಾನದಿಂದ ನೋಡುವ ಕನ್ನಡ ಮಾಸ್ತರ. "ಹೆದರೋ ಮನುಷ್ಯಾ ಒಬ್ಬ ಬೇಕ್ರೀ. ಅವ್ನಿಗೆ ಎಲ್ಲಾ ಮೊದ್ಲ ಕಾಣಸ್ತದ," ಎಂದು ಆರಿಸಿದ್ದರು.

ನನಗೆ ಮೊದಲು ಕಂಡದ್ದು ಹರಿಗೋಲು. ಪಂದ್ಯ ಹೊಳೆಯ ಉದ್ದಕ್ಕೆ, ಹರಿಗೋಲು ಅಡ್ಡಕ್ಕೆ. ನಡುಗಡ್ಡೆಯವರು ಸಂತೆಗೆ, ದವಾಖಾನೆಗೆ ಬರಲು ಇದ್ದದ್ದು ಅದೊಂದೇ. ಪಂದ್ಯ ಮುಗಿಯುವವರೆಗೆ ಅದನ್ನು ಬಂದ್ ಮಾಡಿಸೋಣ ಎಂದೆ.

"ನಾವು ಆಡಾಕ ಬಂದೀವಿ, ಅವ್ರು ದಾಟಾಕ ಬಂದಾರ. ಯಾರು ನಿಲ್ಲಬೇಕು, ನೀವ ಹೇಳ್ರಿ," ಎಂದರು ಮಾಸ್ತರರು.

ನಿಯಮವನ್ನೂ ಅವರೇ ಮಾಡಿದರು. ಹರಿಗೋಲಿನ ಅಂಬಿಗ ತಾನು ನೀರಿಗೆ ಊರುವ ಜಲ್ಲೆಗೆ ಕೆಂಪು ಟವೆಲ್ ಕಟ್ಟಿ ಎತ್ತಿದರೆ ಮಾಸ್ತರರು ಸೀಟಿ ಊದಬೇಕು. ಎರಡೂ ದೋಣಿ ನಿಲ್ಲಬೇಕು. ಹರಿಗೋಲು ದಾಟಿದ ಮೇಲೆ ಪಂದ್ಯ ಮೊದಲಿನಿಂದ. ಅಂಬಿಗನ ಮಗನೇ ನಡುಗಡ್ಡೆಯ ದೋಣಿಯಲ್ಲಿ ಹುಟ್ಟು ಹಾಕುತ್ತಾನೆಂಬುದು ಮಾತ್ರ, ಅಷ್ಟೆಲ್ಲ ಚಿಂತೆ ಮಾಡಿದ ನನಗೆ ಹೊಳೆಯಲೇ ಇಲ್ಲ.

ಮೊದಲ ಪಂದ್ಯದಲ್ಲಿ ಕ್ಯಾಂಪಿನವರು ಮುಂದಾದೊಡನೆ ಟವೆಲ್ ಎದ್ದಿತು. ಹರಿಗೋಲಿನಲ್ಲಿ ಒಂದು ಆಡು. ಮತ್ತೆ ಶುರು, ಮತ್ತೆ ಕ್ಯಾಂಪು ಮುಂದೆ, ಮತ್ತೆ ಟವೆಲ್. ಈ ಸಲ ಅಂಬಿಗನೊಬ್ಬನೇ.

"ಬೀಡಿ ತೀರಿದ್ವುರೀ ಮಾಸ್ತರ," ಎಂದ, ನಾಚದೆ.

"ಲೇ, ಕಡ್ಡಿಪೆಟ್ಟಿಗಿ ತರಾಕ ಯಾವಾಗ ಬರ್ತೀ?" ಎಂದು ದಂಡೆಯಿಂದ ಯಾರೋ ಕೂಗಿದರು.

ಬಹುಮಾನದ ಢಾಲು ಕೊಡಿಸಿದ್ದ ಸಿಂಧನೂರಿನ ಅಕ್ಕಿ ಗಿರಣಿ ಮಾಲೀಕರು ಎದ್ದು ನಿಂತರು. "ಇನ್ನೊಮ್ಮೆ ನಿಂತ್ರ ನಾ ಹೊಂಟೆ. ಢಾಲೂ ನನ್ನ ಕೂಡ ಹೊಂಟ್ತು. ಮುಂದಿನ ವರ್ಷ ನನ್ನ ಬಾಗಿಲಿಗೆ ಬರಬ್ಯಾಡ್ರಿ."

ಮೂರನೆಯ ಸಲ ಟವೆಲ್ ಎದ್ದಾಗ ಕ್ಯಾಂಪಿನ ದೋಣಿ ಒಂದಿಡೀ ದೋಣಿಯುದ್ದ ಮುಂದಿತ್ತು. ಅದರ ತುದಿಯಲ್ಲಿ ಕೂತವನು ಮಾಸ್ತರರ ಸ್ವಂತ ಅಣ್ಣನ ಮಗ. ನಾನು ಅವರ ಕಿವಿಯಲ್ಲಿ, "ಕಾಣಲಿಲ್ಲ ಅಂದ್ಬಿಡ್ರೀ ಸರ್. ಬಿಸಿಲು ಭಾಳ ಅದ," ಎಂದೆ.

"ಅಂವ ಸುಳ್ಳು ಎತ್ತಿದ್ರ ತಪ್ಪು ಅವಂದು. ಖರೇ ಎತ್ತಿದಾಗ ನಾ ನಿಲ್ಲಸ್ಲಿಲ್ಲ ಅಂದ್ರ, ಅದು ನಂದು," ಎಂದು ಸೀಟಿ ಊದಿಯೇಬಿಟ್ಟರು.

ಹರಿಗೋಲಿನಲ್ಲಿದ್ದದ್ದು ಗಲ್ಲಕ್ಕೆ ಸೆರಗು ಒತ್ತಿಕೊಂಡ ಒಬ್ಬ ಮುದುಕಿ. ಹಲ್ಲು ಕೀಳಿಸಿಕೊಳ್ಳಲು ಲಿಂಗಸುಗೂರಿಗೆ ಹೊರಟವಳು. ಕೈಹಿಡಿದು ಇಳಿಸಿದ ಮಾಸ್ತರರನ್ನೇ, "ಯಾಕೋ ಯಪ್ಪಾ, ಇಷ್ಟು ಮಂದಿ ಕೂಡ್ಯಾರ? ಯಾರರ ಸತ್ತಾರೇನು?" ಎಂದು ಕೇಳಿದಳು.

ಗಿರಣಿ ಮಾಲೀಕರ ಕಾರು ಢಾಲಿನ ಸಮೇತ ಹೋಯಿತು. ಮತ್ತೆ ಶುರುವಾದಾಗ ಕ್ಯಾಂಪಿನವರ ತೋಳುಗಳು ಬಿದ್ದುಹೋಗಿದ್ದವು, ಸೋತರು. ಅಣ್ಣನ ಮಗ ಹುಟ್ಟು ಬಿಸಾಡಿ, "ಕಾಕಾ, ನೀ ಯಾರ ಕಡೆ?" ಎಂದ.

"ದಾಟವ್ರ ಕಡೆ."

ದೋಣಿ ಹೊತ್ತ ಟ್ರ್ಯಾಕ್ಟರಿನ ಹಿಂದೆ ಅವರ ಬೈಕಿನಲ್ಲಿ ಕ್ಯಾಂಪಿಗೆ ಹೋಗುವಾಗ ಮಸ್ಕಿಯಲ್ಲಿ ಮಿರ್ಚಿ ಭಜಿಗೆ ನಿಂತೆವು. ಅಷ್ಟು ಹಟ ಯಾಕೆ ಎಂದು ಕೇಳಿದೆ. "ನಮ್ಮಪ್ಪ ಊರು ಬಿಟ್ಟು ಬರೋವಾಗ ಹೊಳಿ ದಾಟಿ ಬಂದವ. ನಡುಹೊಳ್ಯಾಗ ಯಾರೋ ತಮ್ಮ ದೋಣಿ ನಿಲ್ಲಿಸಿ ದಾರಿ ಬಿಟ್ರಂತ. ಯಾರಂತ ಕಡೀತನಕ ಗೊತ್ತಾಗ್ಲಿಲ್ಲ," ಎಂದವರೇ, ಭಜಿ ತಣ್ಣಗಿವೆ ಎಂದು ಅಂಗಡಿಯವನ ಕೂಡ ಜಗಳಕ್ಕೆ ನಿಂತರು.

ಮುಂದಿನ ವರ್ಷಗಳಲ್ಲಿ ಢಾಲು ಇರಲಿಲ್ಲ. ಗೆದ್ದವರಿಗೆ ಮಾಸ್ತರರ ಮನೆಯ ಮೀನೂಟ, ಸೋತವರಿಗೂ ಅದೇ. ಟವೆಲ್ ಮಾತ್ರ ಸುಳ್ಳು ಹೇಳುವುದನ್ನು ಬಿಟ್ಟಿತು. ಅಂಬಿಗನನ್ನು ಕೇಳಿದರೆ, "ಆ ಮನುಷ್ಯಾನ ಮುಂದ ಸುಳ್ಳು ಹೇಳಿದ್ರ ರುಚೀನ ಇಲ್ಲರೀ," ಎಂದ.

ಕಳೆದ ಬೇಸಿಗೆಯಲ್ಲಿ, ಮಧ್ಯಾಹ್ನ ಉಂಡು ಮಲಗಿದ ಮಾಸ್ತರರು ಏಳಲಿಲ್ಲ. ನಾನು ಹೋದಾಗ ಚಾದರದ ಹೊರಗೆ ಪಾದಗಳು ಕಾಣುತ್ತಿದ್ದವು. ಬೆರಳುಗಳು ಸಡಿಲವಾಗಿದ್ದವು. ಮುಖ ನೋಡಿದೆ, ಆ ಬೆರಳುಗಳನ್ನು ನೋಡಲಾಗಲಿಲ್ಲ.

ಅವರ ಹೆಂಡತಿ ಸೀಟಿಯನ್ನು ನನ್ನ ಕೈಗೆ ಕೊಟ್ಟರು. ಈ ಸಲದ ಪಂದ್ಯಕ್ಕೆ ಮುಂಚೆ ವಾರವಿಡೀ ನನಗೆ ಅದೇ ಚಿಂತೆ: ಊದಲು ಮರೆತರೆ? ಉಸಿರೇ ಬಾರದಿದ್ದರೆ? ಸೀಟಿ ನುಂಗಿಬಿಟ್ಟರೆ?

ಪಂದ್ಯದಲ್ಲಿ ನಡುಗಡ್ಡೆಯ ದೋಣಿ ಮುಂದಿತ್ತು, ಅಂಬಿಗನ ಮಗನದೇ. ಇನ್ನೇನು ಗೆದ್ದರು ಎನ್ನುವಾಗ ಟವೆಲ್ ಎದ್ದಿತು. ಯೋಚಿಸುವ ಮೊದಲೇ ಸೀಟಿ ಕೂಗಿತ್ತು. ನಾನೇ ಊದಿದ್ದೆ. ಎರಡೂ ದೋಣಿಗಳ ಹುಟ್ಟುಗಳು ನೀರಿನಿಂದ ಮೇಲೆದ್ದು ನಿಂತವು.

ಹರಿಗೋಲು ದಂಡೆಗೆ ಬಂತು. ಅದರಲ್ಲಿ ಯಾರೂ ಇರಲಿಲ್ಲ. ಅಂಬಿಗ ಇಳಿದು ನನ್ನ ಮುಂದೆ ನಿಂತ.

"ಸುಳ್ಳ ಎತ್ತೀನ್ರೀ ಮಾಸ್ತರ. ನೀವು ನಿಲ್ಲಸ್ತೀರೋ ಇಲ್ಲೋ, ನೋಡಬೇಕಿತ್ತು."

ಬೈಯಬೇಕೆಂದರೆ, ಸೀಟಿ ಇನ್ನೂ ಬಾಯಲ್ಲೇ ಇತ್ತು.