ತಮ್ಮ ಬಿಟ್ಟ ತಂಬಾಕು

ಹಾರ್ಟ್ ಅಟ್ಯಾಕ್ ಆದ ಮೇಲೆ ನನಗೆ ಸ್ನಾನ ಮಾಡಿ ಸೀರೆ ಉಡುವುದೇ ದೊಡ್ಡ ಕೆಲಸ. ಹೃದಯದ ಒಂದಿಷ್ಟು ಮಸಲ್ ಸತ್ತು ಸ್ಕಾರ್ ಆಗಿದೆ, ಅದು ಮತ್ತೆ ಚಿಗುರುವುದಿಲ್ಲ ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದರು. ಹೊಸ ಜೀವಕೋಶ ಹಾಕಿ ಅದನ್ನು ರಿಪೇರಿ ಮಾಡುವ ಸೆಲ್ ಥೆರಪಿಯ ಬಗ್ಗೆ ಮ್ಯಾಗಜೀನಿನಲ್ಲಿ ಓದಿ, ಕುರುಗೋಡಿನ ತಮ್ಮನಿಗೆ ಫೋನಿನಲ್ಲಿ ಸುಮ್ಮನೆ ಹೇಳಿದ್ದೆ.

ಮುಂದಿನ ಚೆಕಪ್ಪಿನ ದಿನ ಅವನು ಮೊದಲ ಬಸ್ಸಿಗೇ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ದವಡೆಯಲ್ಲಿ ತಂಬಾಕು ಇಟ್ಟುಕೊಂಡೇ ಮಾತಾಡುವವನ ಬಾಯಿ ಅಂದು ಖಾಲಿ.

"ನೀ ಹೇಳಿದಾಗಿಂದ ಮುಟ್ಟಿಲ್ಲಕ್ಕಾ. ಕೊಡೋದು ಸ್ವಚ್ಛ ಇರಬೇಕಲ್ಲ," ಅಂದ. ರಕ್ತ ಕೊಟ್ಟಂತೆ ಜೀವಕೋಶವನ್ನೂ ಕೊಡಬಹುದೆಂದು ತಿಳಿದಿದ್ದ.

ಒಳಗೆ ಹೋದವನೇ ಅಂಗಿಯ ತೋಳು ಮೇಲೇರಿಸಿದ. "ನಂದು ಜೀವಕೋಶ ತಗೊಂಡು ಅಕ್ಕಗ ಹಾಕ್ರಿ ಸಾಹೇಬ್ರ."

ಡಾಕ್ಟರು ನಗಲಿಲ್ಲ. "ಇದು ಇನ್ನೂ ಟ್ರಯಲ್‌ನಾಗ ಐತಿ ಯಜಮಾನ್ರ. ಲ್ಯಾಬಿನಾಗ ಬೆಳಸಿ ಹಾಕ್ತಾರ, ನಿಲ್ಲತಾವೋ ಇಲ್ಲೋ ನೋಡಾಕತ್ತಾರ. ಅಕ್ಕಾರಿಗೆ ಸದ್ಯಕ್ಕ ಗುಳಿಗಿನೇ."

ನನಗೆ ಗೊತ್ತಿದ್ದ ಮಾತೇ. ಆದರೂ ಒಳಗೊಂದು ಸಣ್ಣ ಹೋಪ್ ಇತ್ತೆಂದು ಆಗ ತಿಳಿಯಿತು. ಹೊರಗೆ ಬಂದು, "ಇನ್ನ ಹಾಕ್ಕೊಳ್ಳೋ ತಂಬಾಕು," ಎಂದೆ.

"ಆಗೂದಽ ಇಲ್ಲ ಅಂತ ಅವ್ರೇನ್ ಅನ್ನಲಿಲ್ಲಲ್ಲಕ್ಕಾ. ನೋಡಾಕತ್ತಾರ ಅಂದ್ರು. ಅಲ್ಲೀತನಕ ಬಾಯಿ ಹಿಂಗಽ ಇರಲಿ."

ಕೌಲ್ ಬಜಾರಿನ ಚಹಾದಂಗಡಿಯ ತನಕ ನಡೆದೆವು. ನಾನು ಉಸಿರು ಸುಧಾರಿಸಿಕೊಳ್ಳಲು ನಿಂತಲ್ಲೆಲ್ಲ ಅವನೂ ನಿಂತ.